ತಾಯಿಯ ಮೂಳೆ, ಮಗುವಿನ ಮೂಳೆ
ಗರ್ಭಿಣಿಯರಲ್ಲಿ ಹಾಗೂ ನವಜಾತ ಶಿಶುಗಳಲ್ಲಿ 'ಡಿ' ಜೀವಸತ್ವ ಮತ್ತು ಸುಣ್ಣದಂಶದ ಸಮತೋಲನ

ಚೆನ್ನೈ ನಗರದ ವೆಸ್ಟ್ ಮಾಂಬಲಂ ಬಡಾವಣೆಯು ರೈಲು ಹಳಿಯ ಪಶ್ಚಿಮಕ್ಕೆ ಹಬ್ಬಿಕೊಂಡಿದೆ. ಹಳಿಯ ಆಚೆಗೆ ತ್ಯಾಗರಾಯ ನಗರದ ಅಂಗಡಿ ಬೀದಿಗಳು. ಈಚೆಗೆ ಇಕ್ಕಟ್ಟಾದ ಓಣಿಗಳು, ದೇವಾಲಯಗಳು, ಒಂದಕ್ಕೊಂದು ಅಂಟಿದಂತೆ ನಿಂತ ವಸತಿ ಕಟ್ಟಡಗಳು. ಬಡಾವಣೆಯ ಲೇಕ್ ವ್ಯೂ ರಸ್ತೆಗೆ ಹೆಸರು ಕೊಟ್ಟ ಕೆರೆ ಈಗಿಲ್ಲ. 1953ರಲ್ಲಿ ಸ್ಥಾಪನೆಗೊಂಡ ಪಬ್ಲಿಕ್ ಹೆಲ್ತ್ ಸೆಂಟರ್ ಎಂಬ ಧರ್ಮಾರ್ಥ ಆಸ್ಪತ್ರೆ ಅದೇ ರಸ್ತೆಯಲ್ಲಿದೆ. ತಮಿಳರ ಜೊತೆಗೆ ತೆಲುಗರೂ ಕನ್ನಡಿಗರೂ ಇಲ್ಲಿ ಬಹುಕಾಲದಿಂದ ನೆಲೆಸಿದ್ದಾರೆ. ಬೆಂಗಳೂರು, ಮೈಸೂರುಗಳಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವುದೂ, ಇಲ್ಲಿಂದ ಅಲ್ಲಿಗೆ ಹೋಗುವುದೂ ಇಂತಹ ಮನೆಗಳಲ್ಲಿ ವಾಡಿಕೆ.

ಚೆನ್ನೈ ನಗರವು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿದೆ. ಬೆಂಗಳೂರೂ ಬಹುಮಟ್ಟಿಗೆ ಅದೇ ರೇಖೆಯ ಮೇಲಿದೆ. ವರ್ಷದಲ್ಲಿ ಎರಡು ಬಾರಿ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಇಂತಹ ಊರಿನಲ್ಲಿ, ಬಿಸಿಲಿನಿಂದಲೇ ದೊರೆಯುವ 'ಡಿ' ಜೀವಸತ್ವದ ಕೊರತೆ ಹೇಗೆ ಸಾಧ್ಯ ಎಂದು ಯಾರಾದರೂ ಕೇಳಬಹುದು. ವೈದ್ಯರೂ ಬಹುಕಾಲ ಹೀಗೆಯೇ ಭಾವಿಸಿದ್ದರು.

ಈ ಭಾವನೆಯನ್ನು ಅಲುಗಾಡಿಸಿದ ಅಧ್ಯಯನಗಳಲ್ಲಿ ಒಂದು ನಮ್ಮ ಮೈಸೂರಿನದು. ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರ ಅವಧಿಯಲ್ಲಿ ತಪಾಸಣೆಗೆ ಬಂದ ಗರ್ಭಿಣಿಯರ ರಕ್ತವನ್ನು ಮೂವತ್ತನೆಯ ವಾರದಲ್ಲಿ ಸಂಗ್ರಹಿಸಲಾಗಿತ್ತು. ಅವರಲ್ಲಿ 559 ಮಹಿಳೆಯರ 'ಡಿ' ಜೀವಸತ್ವದ ಮಟ್ಟವನ್ನು ಅಳೆದು 2009ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ನೂರಕ್ಕೆ 66 ಮಂದಿಯಲ್ಲಿ ಅದು ಸಾಕಷ್ಟಿರಲಿಲ್ಲವೆಂದು, ಅಂದರೆ ಒಂದು ಮಿಲಿಲೀಟರ್ ರಕ್ತದ್ರವದಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆಯಿತ್ತೆಂದು ತಿಳಿದುಬಂದಿತು. ನೂರಕ್ಕೆ 31 ಮಂದಿಯಲ್ಲಿ ಮಟ್ಟವು ಇನ್ನೂ ಕೆಳಗಿತ್ತು. 2005ರಲ್ಲಿ ಪ್ರಕಟವಾದ ಲಖನೌ ನಗರದ ಅಧ್ಯಯನವೊಂದರಲ್ಲಿಯೂ ಬಹುಪಾಲು ಗರ್ಭಿಣಿಯರಲ್ಲಿ ಇದೇ ಸ್ಥಿತಿ ಕಂಡುಬಂದಿತ್ತು. ಬಿಸಿಲು ಊರಿನ ಮೇಲೆ ಬೀಳುವುದು ಬೇರೆ, ಮೈಮೇಲೆ ಬೀಳುವುದು ಬೇರೆ.

ಬಿಸಿಲಿನಿಂದ ಮೂಳೆಯವರೆಗೆ

'ಡಿ' ಜೀವಸತ್ವವನ್ನು ಜೀವಸತ್ವವೆಂದು ಕರೆದರೂ ಅದು ಇತರ ಜೀವಸತ್ವಗಳಂತೆ ಪೂರ್ತಿಯಾಗಿ ಆಹಾರದಿಂದ ಬರುವ ವಸ್ತುವಲ್ಲ. ಸೂರ್ಯನ ನೇರಳಾತೀತ ಕಿರಣಗಳ ಪೈಕಿ 'ಬಿ' ಎಂಬ ಗುಂಪಿಗೆ ಸೇರಿದ ಕಿರಣಗಳು ಚರ್ಮಕ್ಕೆ ತಾಗಿದಾಗ, ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ಪದಾರ್ಥವು ಈ ಜೀವಸತ್ವವಾಗಿ ಮಾರ್ಪಡುತ್ತದೆ. ಬಳಿಕ ಅದು ಪಿತ್ತಜನಕಾಂಗದಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಮತ್ತೊಮ್ಮೆ ರೂಪಾಂತರ ಹೊಂದಿ ಕಾರ್ಯಶಕ್ತಿಯನ್ನು ಪಡೆಯುತ್ತದೆ. ನಾವು ಉಣ್ಣುವ ಆಹಾರದಲ್ಲಿನ ಸುಣ್ಣದಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕರುಳು ಹೀರಿಕೊಳ್ಳುವಂತೆ ಮಾಡುವುದೇ ಇದರ ಮುಖ್ಯ ಕೆಲಸ. 'ಡಿ' ಜೀವಸತ್ವ ಸಾಕಷ್ಟಿದ್ದರೆ ಆಹಾರದ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ದೇಹಗತವಾಗುತ್ತದೆ. ಇಲ್ಲದಿದ್ದರೆ ಹತ್ತು ಹದಿನೈದು ಪಾಲು ಮಾತ್ರ. ಹಾಲು ಕುಡಿದೂ ಸೊಪ್ಪು ತಿಂದೂ ಮೂಳೆ ಸವೆಯಲು ಇದೇ ಕಾರಣ.

ವಯಸ್ಕ ಸ್ತ್ರೀಯ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು ಅತ್ಯಲ್ಪ. ಆದರೆ ಹೃದಯದ ಬಡಿತ, ಸ್ನಾಯುಗಳ ಸಂಕೋಚನ, ನರಗಳ ಸಂದೇಶ, ರಕ್ತ ಹೆಪ್ಪುಗಟ್ಟುವಿಕೆ ಇವೆಲ್ಲಕ್ಕೂ ಈ ಅಲ್ಪಾಂಶವೇ ಆಧಾರ. ಆದುದರಿಂದ ದೇಹವು ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಬಹು ಎಚ್ಚರಿಕೆಯಿಂದ ಕಾಯ್ದುಕೊಳ್ಳುತ್ತದೆ. ಮಟ್ಟ ಸ್ವಲ್ಪ ಇಳಿದರೂ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ಗೋಧಿ ಕಾಳಿನಷ್ಟು ಗಾತ್ರದ ನಾಲ್ಕು ಗ್ರಂಥಿಗಳು ತಮ್ಮ ಹಾರ್ಮೋನನ್ನು ಸ್ರವಿಸಿ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ತರುತ್ತವೆ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆಯೆಂದು ಬಂದ ಮಾತ್ರಕ್ಕೆ ಮೂಳೆಯೂ ಸರಿಯಾಗಿದೆಯೆಂದು ತಿಳಿಯಬಾರದು. ಬೊಕ್ಕಸ ಬರಿದಾಗುತ್ತಿದ್ದರೂ ಸಂಬಳ ತಪ್ಪದ ಮನೆಯಂತೆ ಇದು.

ಮಕ್ಕಳ ರಿಕೆಟ್ಸ್ ರೋಗಕ್ಕೂ ಆಹಾರಕ್ಕೂ ಇರುವ ನಂಟನ್ನು ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳ ಮೇಲಿನ ಪ್ರಯೋಗದಿಂದ 1919ರ ವೇಳೆಗೆ ತೋರಿಸಿದರು. 1922ರಲ್ಲಿ ಅಮೆರಿಕದ ಮೆಕಾಲಮ್ ಈ ಪದಾರ್ಥಕ್ಕೆ 'ಡಿ' ಎಂಬ ಅಕ್ಷರವನ್ನು ಕೊಟ್ಟರು. ಅದೇ ದಶಕದಲ್ಲಿ ಕಾಶ್ಮೀರದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಕ್ಯಾಥ್ಲೀನ್ ವಾನ್, ಪರದೆಯೊಳಗೆ ಬಾಳುವ ಮಹಿಳೆಯರಲ್ಲಿ ಮೂಳೆ ಮೆದುವಾಗಿ ಕಟಿಚಕ್ರವು ವಿಕಾರಗೊಂಡು ಹೆರಿಗೆಯೇ ಅಸಾಧ್ಯವಾಗುತ್ತಿದ್ದ ಪ್ರಸಂಗಗಳನ್ನು ವಿವರವಾಗಿ ದಾಖಲಿಸಿದ್ದರು. ಬಯಲಿನಲ್ಲಿ ದುಡಿಯುವ ಬಡ ಹೆಂಗಸರು ಹೊಟ್ಟೆತುಂಬ ಉಣ್ಣದಿದ್ದರೂ ಈ ಕಾಯಿಲೆಯಿಂದ ಪಾರಾಗುತ್ತಿದ್ದರೆಂಬುದು ಅವರ ಗಮನಕ್ಕೆ ಬಂದ ಮುಖ್ಯ ಸಂಗತಿ. ಅಷ್ಟು ತೀವ್ರ ಸ್ವರೂಪವು ಇಂದು ವಿರಳ. ಕಾರಣ ಮಾತ್ರ ಬೇರೆ ವೇಷದಲ್ಲಿ ಉಳಿದಿದೆ: ಗಾಜಿನ ಕಿಟಕಿಯ ಕಚೇರಿ, ಬೆಳಕು ನುಸುಳದ ನೆಲ ಅಂತಸ್ತಿನ ಮನೆ, ಮುಚ್ಚಿದ ವಾಹನ.

ಗರ್ಭದಲ್ಲಿರುವಾಗ

ತುಂಬಿದ ದಿನಗಳಲ್ಲಿ ಹುಟ್ಟುವ ಮಗುವಿನ ದೇಹದಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಸಂಗ್ರಹವಾಗಿರುತ್ತದೆ. ಇದರ ಐದರಲ್ಲಿ ನಾಲ್ಕು ಪಾಲು ಕೊನೆಯ ಮೂರು ತಿಂಗಳಲ್ಲಿ ಸೇರುವಂಥದು. ಆ ಅವಧಿಯಲ್ಲಿ ದಿನವೊಂದಕ್ಕೆ 250ರಿಂದ 350 ಮಿಲಿಗ್ರಾಂ ಕ್ಯಾಲ್ಸಿಯಂ ತಾಯಿಯಿಂದ ಮಾಸಿನ ಮೂಲಕ ಮಗುವಿಗೆ ಸಾಗುತ್ತಿರುತ್ತದೆ. ಪ್ರಕೃತಿಯು ಇದಕ್ಕೆ ಮುಂಚಿತವಾಗಿಯೇ ಏರ್ಪಾಡು ಮಾಡಿಕೊಂಡಿರುತ್ತದೆ. ಗರ್ಭ ನಿಂತ ಮೊದಲ ತಿಂಗಳುಗಳಿಂದಲೇ ತಾಯಿಯ ಕರುಳು ಕ್ಯಾಲ್ಸಿಯಂ ಹೀರುವ ಪ್ರಮಾಣವು ಹೆಚ್ಚುತ್ತ ಹೋಗಿ ಸುಮಾರು ಇಮ್ಮಡಿಯಾಗುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಇದ್ದರೆ ತಾನೇ ಹೀರುವ ಮಾತು! ಇಲ್ಲದಿದ್ದರೆ ತಾಯಿಯ ಮೂಳೆಯೇ ಆ ಭಾರವನ್ನು ಹೊರಬೇಕಾಗುತ್ತದೆ. ಸೊಂಟ, ತೊಡೆ, ಪಕ್ಕೆಲುಬುಗಳಲ್ಲಿ ಆಳವಾದ ನೋವು, ಮೆಟ್ಟಿಲು ಹತ್ತುವಾಗ ತೊಡೆಯ ನಿತ್ರಾಣ, ಕೈಬೆರಳು ಸೆಟೆದುಕೊಳ್ಳುವುದು ಇವು ತೀವ್ರ ಕೊರತೆಯ ಲಕ್ಷಣಗಳು. ಗರ್ಭಿಣಿಗೆ ಸೊಂಟನೋವು ಸಹಜವೆಂದು ಮನೆಯವರು ತಳ್ಳಿಹಾಕುವುದರಿಂದ ಇವು ವೈದ್ಯರ ಕಿವಿಗೆ ಬೀಳುವುದೇ ಅಪರೂಪ. ಮಗುವು ತಾಯಿಯ ಹಲ್ಲಿನಿಂದ ಸುಣ್ಣವನ್ನು ಎಳೆದುಕೊಳ್ಳುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಬಸುರಿನಲ್ಲಿ ಹಲ್ಲು ಕೆಡುವುದು ವಸಡಿನ ಬಾವು ಹಾಗೂ ಶುಚಿತ್ವದ ಕೊರತೆಯಿಂದ.

ಕ್ಯಾಲ್ಸಿಯಂ ಕೊರತೆಗೂ ಗರ್ಭನಂಜಿಗೂ ಸಂಬಂಧವುಂಟು. ಗರ್ಭಿಣಿಯ ರಕ್ತದೊತ್ತಡ ಏರಿ, ಮೂತ್ರದಲ್ಲಿ ಸಸಾರಜನಕ ಹೋಗಿ, ಕೊನೆಗೆ ಸೆಳವು ಬಂದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಎರವಾಗಬಲ್ಲ ವ್ಯಾಧಿ ಇದು. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಜನಸಮುದಾಯಗಳಲ್ಲಿ ಗರ್ಭಿಣಿಯರಿಗೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಗರ್ಭನಂಜಿನ ಅಪಾಯ ತಗ್ಗುತ್ತದೆಂಬುದು ಅನೇಕ ಪ್ರಯೋಗಗಳಿಂದ ಸಿದ್ಧವಾಗಿದೆ. ಎಷ್ಟು ಕೊಡಬೇಕೆಂಬ ಬಗ್ಗೆ ಚರ್ಚೆಯಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಎಂದು ಸಲಹೆ ಮಾಡಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಚೊಚ್ಚಲ ಬಸುರಿನ 11,000 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ 500 ಮಿಲಿಗ್ರಾಂ, ಇನ್ನೊಂದಕ್ಕೆ 1,500 ಮಿಲಿಗ್ರಾಂ ಕೊಟ್ಟು ಪರೀಕ್ಷಿಸಿದರು. ಇದೇ ಪ್ರಯೋಗ ಟಾಂಜಾನಿಯಾ ದೇಶದಲ್ಲೂ ಅಷ್ಟೇ ಸಂಖ್ಯೆಯ ಮಹಿಳೆಯರಲ್ಲಿ ನಡೆಯಿತು. 2024ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಂತೆ ಬೆಂಗಳೂರಿನಲ್ಲಿ ಗರ್ಭನಂಜು ಕಾಣಿಸಿಕೊಂಡದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 3.0, ಎರಡನೆಯದರಲ್ಲಿ 3.6. ಅಂದರೆ ಕಡಿಮೆ ಪ್ರಮಾಣವು ಹೆಚ್ಚಿನ ಪ್ರಮಾಣಕ್ಕಿಂತ ಕೀಳಾಗಿರಲಿಲ್ಲ. ದಿನಕ್ಕೆ ಮೂರು ದೊಡ್ಡ ಮಾತ್ರೆ ನುಂಗಲಾರದೆ ಎಲ್ಲವನ್ನೂ ಬಿಟ್ಟುಬಿಡುವ ತಾಯಂದಿರ ದೃಷ್ಟಿಯಿಂದ ಇದು ಬಹಳ ಬೆಲೆಯುಳ್ಳ ಶೋಧನೆ.

'ಡಿ' ಜೀವಸತ್ವದ ಮಟ್ಟಿಗೆ ಹೇಳುವುದಾದರೆ, ಮಗುವಿಗೆ ಇದರ ಸ್ವಂತ ಉತ್ಪಾದನೆಯಿಲ್ಲ. ತಾಯಿಯ ರಕ್ತದಲ್ಲಿ ಇದ್ದಷ್ಟರಲ್ಲಿ ಒಂದು ಪಾಲು ಮಾತ್ರ ಹೊಕ್ಕುಳಬಳ್ಳಿಯ ಮೂಲಕ ದೊರೆಯುತ್ತದೆ. ಕೊರತೆಯಿರುವ ತಾಯಿಗೆ ಹುಟ್ಟುವ ಮಗು ಕೊರತೆಯೊಡನೆಯೇ ಹುಟ್ಟುತ್ತದೆ. ಮೈಸೂರಿನ ಅಧ್ಯಯನದಲ್ಲಿ ಕೊರತೆಯುಳ್ಳ ತಾಯಂದಿರ ಶಿಶುಗಳು ಹುಟ್ಟುವಾಗ ಗಾತ್ರದಲ್ಲಿ ಚಿಕ್ಕವಾಗಿರಲಿಲ್ಲ. ನೋಡಲು ಮಗು ಗುಂಡಗೇ ಇತ್ತು. ಆದರೆ ಆ ಮಕ್ಕಳು ಒಂಬತ್ತೂವರೆ ವರ್ಷದವರಾದಾಗ ಮತ್ತೆ ಅಳೆದು ನೋಡಿದರೆ, ತಾಯಿಗೆ ಕೊರತೆಯಿದ್ದವರಲ್ಲಿ ತೋಳಿನ ಸ್ನಾಯು ಕಡಿಮೆಯಿತ್ತು, ಇನ್ಸುಲಿನ್ ಕೆಲಸಕ್ಕೆ ದೇಹ ಒಡ್ಡುವ ಪ್ರತಿರೋಧ ಹೆಚ್ಚಿತ್ತು. ಒಂದು ಇನ್ನೊಂದಕ್ಕೆ ನೇರ ಕಾರಣವೆಂದು ಇದರಿಂದಲೇ ಹೇಳಲಾಗದಾದರೂ, ಬಸುರಿನ ಕೊರತೆಯ ನೆರಳು ಹೆರಿಗೆಯೊಡನೆ ಮುಗಿಯುವುದಿಲ್ಲವೆಂಬ ಶಂಕೆಗೆ ಇದು ಬಲ ಕೊಡುತ್ತದೆ.

ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ

ಹುಟ್ಟಿದ ಕ್ಷಣದಲ್ಲಿ ಮಗುವಿನ ರಕ್ತದ ಕ್ಯಾಲ್ಸಿಯಂ ಮಟ್ಟ ತಾಯಿಯದಕ್ಕಿಂತ ಹೆಚ್ಚಿರುತ್ತದೆ. ಬಳ್ಳಿ ಕತ್ತರಿಸಿದೊಡನೆ ಈ ಸರಬರಾಜು ಥಟ್ಟನೆ ನಿಲ್ಲುತ್ತದೆ. ಮಗುವಿನ ಪ್ಯಾರಾಥೈರಾಯ್ಡ್ ಗ್ರಂಥಿಗಳು ಇನ್ನೂ ಎಚ್ಚರಗೊಳ್ಳುತ್ತಿರುವ ಸಮಯವದು. ಆದ್ದರಿಂದ ಮೊದಲ ಒಂದೆರಡು ದಿನ ಕ್ಯಾಲ್ಸಿಯಂ ಇಳಿಯುತ್ತ ಹೋಗಿ, 24ರಿಂದ 48 ಗಂಟೆಗಳ ನಡುವೆ ಕನಿಷ್ಠ ಮಟ್ಟ ಮುಟ್ಟಿ, ಅನಂತರ ತಾನಾಗಿ ಏರುತ್ತದೆ. ಆರೋಗ್ಯವಂತ ಶಿಶು ಇದನ್ನು ಸುಲಭವಾಗಿ ದಾಟುತ್ತದೆ. ದಿನ ತುಂಬುವ ಮುನ್ನ ಹುಟ್ಟಿದ ಮಗು, ಮಧುಮೇಹವುಳ್ಳ ತಾಯಿಯ ಮಗು, ಹುಟ್ಟುವಾಗ ಉಸಿರುಗಟ್ಟಿದ ಮಗು ಈ ಹಂತದಲ್ಲಿ ಎಡವುವ ಸಂಭವವಿರುವುದರಿಂದ ಆಸ್ಪತ್ರೆಯಲ್ಲಿ ಇಂತಹ ಶಿಶುಗಳ ರಕ್ತವನ್ನು ಪರೀಕ್ಷಿಸುತ್ತಾರೆ.

ಇದಕ್ಕಿಂತ ಹೆಚ್ಚು ಅಪಾಯಕರವಾದುದು ತಡವಾಗಿ, ಐದರಿಂದ ಹತ್ತನೆಯ ದಿನದ ಹೊತ್ತಿಗೆ ಬರುವ ಕೊರತೆ. ಆಗ ತಾಯಿ ಮಗು ಮನೆಗೆ ಬಂದಾಗಿರುತ್ತದೆ. ತಾಯಿಯಲ್ಲಿ 'ಡಿ' ಜೀವಸತ್ವವಿಲ್ಲದೆ ಮಗುವಿಗೆ ಬಂದಿರದಿದ್ದರೆ, ಅದರ ಮೇಲೆ ಹಸುವಿನ ಹಾಲನ್ನೂ ಹಾಕಿದರೆ, ತೊಂದರೆ ಇಮ್ಮಡಿಸುತ್ತದೆ. ಹಸುವಿನ ಹಾಲಿನಲ್ಲಿ ತಾಯಿಯ ಹಾಲಿಗಿಂತ ಸುಮಾರು ಆರು ಪಟ್ಟು ರಂಜಕವಿದೆ. ಎಳೆಯ ಮೂತ್ರಪಿಂಡ ಅಷ್ಟು ರಂಜಕವನ್ನು ಹೊರಹಾಕಲಾರದು. ರಕ್ತದಲ್ಲಿ ರಂಜಕ ಏರಿದಷ್ಟೂ ಕ್ಯಾಲ್ಸಿಯಂ ಇಳಿಯುತ್ತದೆ. ಮಗು ಬೆಚ್ಚಿಬೀಳುತ್ತದೆ, ಕೈಕಾಲು ನಡುಗಿಸುತ್ತದೆ, ಕೀರಲು ದನಿಯಲ್ಲಿ ಅಳುತ್ತದೆ, ಕೊನೆಗೆ ಸೆಳವು ಬರುತ್ತದೆ. ನಮ್ಮ ಹಿರಿಯರು ಇದನ್ನು ಬಾಲಗ್ರಹವೆಂದು ಕರೆದು ದೃಷ್ಟಿ ತೆಗೆದು ತಾಯತ ಕಟ್ಟುತ್ತಿದ್ದರು. ಈಗಲೂ ಕೆಲವು ಮನೆಗಳಲ್ಲಿ ಆಸ್ಪತ್ರೆಯ ದಾರಿ ಹಿಡಿಯುವ ಮೊದಲು ಒಂದು ರಾತ್ರಿ ಹೀಗೆ ಕಳೆದುಹೋಗುತ್ತದೆ. ಆ ಒಂದು ರಾತ್ರಿಯೇ ಮಗುವಿನ ಪಾಲಿಗೆ ಮುಳುವಾಗಬಹುದು.

ಬರಿಯ ನಡುಕಕ್ಕೂ ಸೆಳವಿಗೂ ಒಂದು ಸರಳ ವ್ಯತ್ಯಾಸವುಂಟು. ನಡುಗುವ ಕೈಯನ್ನು ಮೆಲ್ಲಗೆ ಹಿಡಿದುಕೊಂಡರೆ ನಡುಕ ನಿಲ್ಲುತ್ತದೆ; ಸೆಳವಾದರೆ ಹಿಡಿತದೊಳಗೂ ಎಳೆಯುತ್ತಲೇ ಇರುತ್ತದೆ. ಕಣ್ಣು ಒಂದೆಡೆ ನೆಡುವುದು, ಉಸಿರು ನಿಂತು ತುಟಿ ನೀಲಿಯಾಗುವುದೂ ಸೆಳವಿನ ಗುರುತುಗಳೇ. ಯಾವುದೇ ಆದರೂ ನವಜಾತ ಶಿಶುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತಮಿಳುನಾಡು, ಕರ್ನಾಟಕ ಎರಡರಲ್ಲೂ 108 ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಕೊರತೆಯಿಂದಲೇ ಬಂದ ಸೆಳವಾದರೆ ವೈದ್ಯರು ಹೃದಯದ ಬಡಿತವನ್ನು ಗಮನಿಸುತ್ತ ಕ್ಯಾಲ್ಸಿಯಂ ಅನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತಾರೆ, ಮಗು ಚೇತರಿಸಿಕೊಳ್ಳುತ್ತದೆ. ಸೆಳವು ನಿಂತಮೇಲೆ ತಾಯಿಯ ರಕ್ತವನ್ನೂ ಪರೀಕ್ಷಿಸುವಂತೆ ಕೇಳುವುದು ಒಳ್ಳೆಯದು, ಮೂಲ ಅಲ್ಲಿರಬಹುದು.

ತಾಯಿಗೆ ಮೊದಲೇ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1980ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪ್ರಯೋಗ ಸಾಕ್ಷಿ. ಅಲ್ಲಿ ನೆಲೆಸಿದ್ದ ಏಷ್ಯಾ ಮೂಲದ 126 ಗರ್ಭಿಣಿಯರಲ್ಲಿ 59 ಮಂದಿಗೆ ಕೊನೆಯ ಮೂರು ತಿಂಗಳು ದಿನಕ್ಕೆ 1,000 ಯೂನಿಟ್ 'ಡಿ' ಜೀವಸತ್ವವನ್ನೂ, ಉಳಿದ 67 ಮಂದಿಗೆ ಔಷಧವಿಲ್ಲದ ಮಾತ್ರೆಯನ್ನೂ ಕೊಡಲಾಯಿತು. ಎರಡನೆಯ ಗುಂಪಿನ ಐದು ಶಿಶುಗಳಲ್ಲಿ ಕ್ಯಾಲ್ಸಿಯಂ ಕೊರತೆಯ ಲಕ್ಷಣಗಳು ಪ್ರಕಟವಾದವು. ಚಳಿದೇಶಗಳಿಗೆ ಉದ್ಯೋಗಕ್ಕೆ ಹೋದ ನಮ್ಮ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಕಪ್ಪು ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು, ಅಲ್ಲಿಯ ಚಳಿಗಾಲದಲ್ಲಿ ಆ ಬಿಸಿಲೇ ಇರುವುದಿಲ್ಲ.

ಎಳೆಬಿಸಿಲಿನ ವಿಚಾರ

ಬೆಳಗಿನ ಎಳೆಬಿಸಿಲಿಗೆ ಮಗುವನ್ನು ಹಿಡಿಯುವುದು ನಮ್ಮಲ್ಲಿ ರೂಢಿ. ಮಗು ಬೆಚ್ಚಗಿರುತ್ತದೆ, ತಾಯಿಗೂ ನಾಲ್ಕು ಗಳಿಗೆ ಹೊರಗೆ ಕುಳಿತಂತಾಗುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ 'ಡಿ' ಜೀವಸತ್ವವನ್ನು ಹುಟ್ಟಿಸುವ ಕಿರಣಗಳು ಆ ಹೊತ್ತಿನಲ್ಲಿ ಬಹು ವಿರಳ. ಸೂರ್ಯನು ಓರೆಯಾಗಿರುವಾಗ ಅವು ವಾಯುಮಂಡಲದಲ್ಲಿಯೇ ಸೋಸಿಹೋಗುತ್ತವೆ. ಚೆನ್ನೈಗೆ ಹೆಚ್ಚು ದೂರವಿಲ್ಲದ ತಿರುಪತಿಯಲ್ಲಿ ನಡೆದ ಪರೀಕ್ಷೆಗಳಲ್ಲಿ ಈ ಜೀವಸತ್ವದ ಉತ್ಪತ್ತಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 2 ಗಂಟೆಯ ನಡುವೆ ಅತ್ಯಧಿಕವಾಗಿರುವುದು ಕಂಡುಬಂದಿದೆ. ಗಡಿಯಾರವಿಲ್ಲದೆ ತಿಳಿಯುವ ಉಪಾಯವೂ ಉಂಟು: ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲಿನಲ್ಲಿ ಆ ಕಿರಣಗಳಿವೆ, ಉದ್ದವಾಗಿದ್ದರೆ ಇಲ್ಲದಷ್ಟು ಕಡಿಮೆ. ಗಾಜಿನ ಕಿಟಕಿಯೊಳಗೆ ಎಷ್ಟು ಹೊತ್ತು ಕುಳಿತರೂ ಪ್ರಯೋಜನವಿಲ್ಲ.

ಹಾಗೆಂದು ಮೇ ತಿಂಗಳಲ್ಲಿ ಚೆನ್ನೈಯವರು 'ಕತ್ತಿರಿ' ಎಂದು ಕರೆಯುವ ಸುಡುಬಿಸಿಲಿನಲ್ಲಿ ಗರ್ಭಿಣಿಯನ್ನು ನಿಲ್ಲಿಸಬೇಕೆಂದು ಅರ್ಥವಲ್ಲ. ಹತ್ತು ಗಂಟೆಯ ನಂತರ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಲೋ ಸಂಡಿಗೆ ಹರವುತ್ತಲೋ ಮುಖ, ತೋಳು, ಪಾದಗಳಿಗೆ ಹದಿನೈದು ಇಪ್ಪತ್ತು ನಿಮಿಷ ಬಿಸಿಲು ತಾಗಿಸಿಕೊಂಡು ನೆರಳಿಗೆ ಬಂದು ನೀರು ಕುಡಿದರೆ ಸಾಕಷ್ಟು ಸಹಾಯವಾಗುತ್ತದೆ. ಹಳೆಯ ಮನೆಗಳ ತೊಟ್ಟಿಯಂಗಳ ಈ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತಿತ್ತು. ಬಾಣಂತಿಯನ್ನು ನಲವತ್ತು ದಿನ ಕತ್ತಲೆಕೋಣೆಯಲ್ಲಿ ಕೂರಿಸುವ ಪದ್ಧತಿಯನ್ನು ಮಾತ್ರ ಸಮರ್ಥಿಸಲಾಗದು. ಅವಳಿಗೆ ಬೇಕಾದುದು ವಿಶ್ರಾಂತಿ, ಕತ್ತಲೆಯಲ್ಲ. ಎಳೆಮಗುವನ್ನಂತೂ ನಡುಹಗಲಿನ ಬಿಸಿಲಿಗೆ ಒಡ್ಡಲೇಬಾರದು. ಅದಕ್ಕೆ ಹನಿಔಷಧವೇ ಸುರಕ್ಷಿತ ದಾರಿ.

ಅಡಿಗೆಮನೆಯಲ್ಲಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪರಿಷ್ಕರಿಸಿದಂತೆ ಗರ್ಭಿಣಿಗೆ ದಿನಕ್ಕೆ 1,000 ಮಿಲಿಗ್ರಾಂ, ಹಾಲೂಡಿಸುವ ತಾಯಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅರ್ಧ ಲೀಟರ್ ಹಾಲು ಅಥವಾ ಅದರ ಮೊಸರು, ಮಜ್ಜಿಗೆಯಿಂದ ಸುಮಾರು 600 ಮಿಲಿಗ್ರಾಂ ಬರುತ್ತದೆ. ಕಾಫಿಗೆ ಬೆರೆತ ಹಾಲನ್ನು ಲೆಕ್ಕಕ್ಕೆ ಸೇರಿಸಿ ಸಮಾಧಾನಪಟ್ಟುಕೊಳ್ಳುವವರು ಹಲವರಿದ್ದಾರೆ. ಒಂದು ಲೋಟ ಕಾಫಿಯಲ್ಲಿ ಹಾಲೆಷ್ಟೆಂದು ಅಳೆದು ನೋಡುವುದು ಲೇಸು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಇದರ ಸಮೀಪಕ್ಕೂ ಬಾರವು. ರಾಗಿಯ ಫೈಟೇಟ್ ಎಂಬ ಅಂಶವು ಸ್ವಲ್ಪ ಅಡ್ಡಿಮಾಡುತ್ತದೆ, ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಆ ಅಡ್ಡಿ ತಗ್ಗುತ್ತದೆ. ಎಳ್ಳು, ಹುರುಳಿ, ನುಗ್ಗೆಸೊಪ್ಪು, ಕರಿಬೇವು, ಮುಳ್ಳುಸಮೇತ ತಿನ್ನುವ ಸಣ್ಣ ಮೀನು ಇವೂ ಒಳ್ಳೆಯ ಮೂಲಗಳು. ಏಕಾದಶಿಯ ಉಪವಾಸದ ಮರುದಿನ ದ್ವಾದಶಿಯ ಪಾರಣೆಗೆ ವೆಸ್ಟ್ ಮಾಂಬಲಂನ ಮನೆಗಳಲ್ಲಿ ಬೇಯಿಸುವ ಅಗಸೆ ಸೊಪ್ಪಿನಲ್ಲಿ ತೂಕಕ್ಕೆ ತೂಕ ಹಾಲಿನ ಹಲವು ಪಟ್ಟು ಕ್ಯಾಲ್ಸಿಯಂ ಇದೆ. ಇದನ್ನು ಹದಿನೈದು ದಿನಕ್ಕೊಮ್ಮೆಯೇ ತಿನ್ನಬೇಕೆಂದೇನೂ ಇಲ್ಲ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಮಾತ್ರ ಅದರ ಆಕ್ಸಲೇಟಿಗೆ ಸಿಲುಕಿ ಹೆಚ್ಚಾಗಿ ವ್ಯರ್ಥವಾಗುತ್ತದೆ. ಬಾಣಂತಿ ಊಟದ ನಂತರ ಹಾಕಿಕೊಳ್ಳುವ ವೀಳ್ಯದ ಸುಣ್ಣವೂ ಕ್ಯಾಲ್ಸಿಯಂ ತಾನೇ ಎಂದು ಕೇಳುವವರಿಗೆ ಹೌದೆನ್ನಬೇಕು, ಆದರೆ ಜೊತೆಗೆ ಹೋಗುವ ಅಡಿಕೆ, ಹೊಗೆಸೊಪ್ಪುಗಳ ಕೇಡು ಆ ಲಾಭಕ್ಕಿಂತ ಬಹು ದೊಡ್ಡದು.

'ಡಿ' ಜೀವಸತ್ವ ಆಹಾರದಲ್ಲಿ ವಿರಳ. ಮೊಟ್ಟೆಯ ಹಳದಿ, ಕೊಬ್ಬುಳ್ಳ ಮೀನುಗಳನ್ನು ಬಿಟ್ಟರೆ ಶಾಕಾಹಾರಿಗಳಿಗೆ ಹೇಳಿಕೊಳ್ಳುವಂಥ ಮೂಲವಿಲ್ಲ. ಪೊಟ್ಟಣದ ಮೇಲೆ 'ಪ್ಲಸ್ ಎಫ್' ಗುರುತುಳ್ಳ ಹಾಲಿಗೆ ಲೀಟರಿಗೆ 200ರಿಂದ 300 ಯೂನಿಟ್ ಬೆರೆಸಿರುತ್ತಾರೆ. ದಿನಕ್ಕೆ 600 ಯೂನಿಟ್ ಬೇಕಾದ ಗರ್ಭಿಣಿಗೆ ಅರ್ಧ ಲೀಟರಿನಿಂದ ಹೆಚ್ಚೆಂದರೆ ಕಾಲು ಭಾಗ ದೊರೆತಂತಾಯಿತು.

ಮಾತ್ರೆ ಮತ್ತು ಹನಿ

ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಗರ್ಭಿಣಿಯು ಹದಿನಾಲ್ಕನೆಯ ವಾರದಿಂದ ಆರಂಭಿಸಿ ಹೆರಿಗೆಯಾದ ಆರು ತಿಂಗಳವರೆಗೆ ದಿನಕ್ಕೆ ಎರಡು ಮಾತ್ರೆ ಸೇವಿಸಬೇಕು. ಪ್ರತಿ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ 'ಡಿ' ಜೀವಸತ್ವ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗದೆ ಬೇರೆ ಬೇರೆ ಹೊತ್ತಿನ ಊಟದೊಡನೆ ಒಂದೊಂದರಂತೆ ತೆಗೆದುಕೊಳ್ಳಬೇಕು. ಇಲ್ಲಿ ಹೆಚ್ಚಾಗಿ ಆಗುವ ತಪ್ಪೆಂದರೆ, ಮರೆಯದಿರಲಿ ಎಂದು ಕಬ್ಬಿಣದ ಮಾತ್ರೆಯನ್ನೂ ಇದರೊಡನೆಯೇ ನುಂಗಿಬಿಡುವುದು. ಕ್ಯಾಲ್ಸಿಯಂ ಇದ್ದಾಗ ಕಬ್ಬಿಣ ದೇಹಕ್ಕೆ ಸರಿಯಾಗಿ ಸೇರದು; ರಕ್ತಹೀನತೆ ಹಾಗೆಯೇ ಉಳಿಯುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆಯಾದರೂ ಅಂತರವಿರಲಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ನಾಲ್ಕು ಗಂಟೆ ಬಿಡಬೇಕು. ಮೂತ್ರಪಿಂಡದಲ್ಲಿ ಕಲ್ಲು ಇದ್ದವರು, ಇದ್ದು ಹೋದವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ತಾಯಿಯ ಹಾಲಿನಲ್ಲಿ ದಿನಕ್ಕೆ 200ರಿಂದ 300 ಮಿಲಿಗ್ರಾಂ ಕ್ಯಾಲ್ಸಿಯಂ ಹರಿದುಹೋಗುತ್ತದೆ. ಹಾಲೂಡಿಸುವ ತಿಂಗಳುಗಳಲ್ಲಿ ತಾಯಿಯ ಬೆನ್ನುಮೂಳೆಯ ಸಾಂದ್ರತೆ ತುಸು ಕುಂದಿ, ಹಾಲು ಬಿಡಿಸಿದ ಮೇಲೆ ಮರಳಿ ತುಂಬಿಕೊಳ್ಳುತ್ತದೆ. ಮೂಳೆ ಸವೆಯುತ್ತದೆಂಬ ಹೆದರಿಕೆಯಿಂದ ಹಾಲೂಡಿಸುವುದನ್ನು ನಿಲ್ಲಿಸಕೂಡದು. ಮೊದಲ ಆರು ತಿಂಗಳು ತಾಯಿಯ ಹಾಲನ್ನು ಮೀರಿದ ಆಹಾರ ಮಗುವಿಗೆ ಇಲ್ಲ. ಆದರೆ ಆ ಹಾಲಿನಲ್ಲಿ 'ಡಿ' ಜೀವಸತ್ವ ತೀರ ಕಡಿಮೆ. ಆದಕಾರಣ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಂಸ್ಥೆಯು ಶಿಶುವಿಗೆ ಹುಟ್ಟಿದ ಮೊದಲ ದಿನಗಳಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಹನಿಔಷಧ ಕೊಡಬೇಕೆಂದು ಹೇಳುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿನ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಹನಿಔಷಧಗಳೆಲ್ಲ ಒಂದೇ ಬಲದವಲ್ಲ. ಕೆಲವು ಸೀಸೆಗಳಲ್ಲಿ ಒಂದು ಮಿಲಿಲೀಟರಿಗೆ 400 ಯೂನಿಟ್, ಕೆಲವುಗಳಲ್ಲಿ 800. ಒಂದೇ ತೊಟ್ಟಿನಲ್ಲಿ 400 ಯೂನಿಟ್ ಇರುವ ಔಷಧಗಳೂ ಉಂಟು. ಹಳೆಯ ಸೀಸೆಯ ಅಳತೆಯಲ್ಲಿ ಹೊಸದನ್ನು ಹಾಕಬಾರದು. ಪ್ರತಿ ಸಲ ಚೀಟಿ ಓದಿ, ಆ ಸೀಸೆಯ ಜೊತೆ ಬಂದ ಪಿಲ್ಲರಿನಿಂದಲೇ ಅಳೆಯಬೇಕು. ದೊಡ್ಡವರಿಗೆ ವೈದ್ಯರು ವಾರಕ್ಕೊಂದರಂತೆ ಬರೆದುಕೊಡುವ ಪುಡಿಯ ಪೊಟ್ಟಣದಲ್ಲಿ 60,000 ಯೂನಿಟ್ ಇರುತ್ತದೆ. ಅದು ಶಿಶುವಿನ 150 ದಿನಗಳ ಪಾಲು. ತಾಯಿಗೆ ಬರೆದ ಪೊಟ್ಟಣವನ್ನು ಮಗುವಿಗೆ ಕಲಸಿ ಕೊಡುವುದು, ಒಬ್ಬರು ಹೇಳಿದರೆಂದು ಗರ್ಭಿಣಿ ತಾನೇ ವಾರಗಟ್ಟಲೆ ನುಂಗುವುದು ಎರಡೂ ಅಪಾಯ. ಈ ಜೀವಸತ್ವ ಕೊಬ್ಬಿನಲ್ಲಿ ಶೇಖರವಾಗುವಂಥದು; ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮಗು ವಾಂತಿ ಮಾಡುತ್ತದೆ, ಮಲಬದ್ಧತೆಯಾಗುತ್ತದೆ, ತೂಕ ಇಳಿಯುತ್ತದೆ, ಮೂತ್ರಪಿಂಡದಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ.

ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ಹೆರಿಗೆಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವರು ತಾಯಿ ಕಾರ್ಡನ್ನು, ಉಳಿದ ಮಾತ್ರೆಗಳನ್ನು ಮರೆಯದೆ ಜೊತೆಗೆ ಒಯ್ಯಬೇಕು. ಏಳನೆಯ ತಿಂಗಳಲ್ಲಿ ತವರಿಗೆ ಹೊರಟ ಹೆಣ್ಣುಮಗಳ ಪೆಟ್ಟಿಗೆಯಲ್ಲಿ ಸೀರೆ, ಬಳೆಗಳಿದ್ದು ಮಾತ್ರೆಯ ಪಟ್ಟಿ ಗಂಡನ ಮನೆಯ ಗೂಡಿನಲ್ಲಿಯೇ ಉಳಿದರೆ, ಮಗುವಿನ ಮೂಳೆ ಕಟ್ಟುವ ತಿಂಗಳುಗಳಲ್ಲಿಯೇ ಔಷಧ ತಪ್ಪಿಹೋಗುತ್ತದೆ. ಹಾಗಾದಲ್ಲಿ ತವರೂರಿನ ಆರೋಗ್ಯ ಕೇಂದ್ರದಲ್ಲಿ ಬಂದ ವಾರವೇ ಹೆಸರು ನೋಂದಾಯಿಸಿ ಮಾತ್ರೆಗಳನ್ನು ಕೇಳಿ ಪಡೆಯಬೇಕು.